ಸಾಕ್ಷಿಯ ಕಣ್ಣು, ಬೆರಳಚ್ಚಿನವಳ ಕಣ್ಣು

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನನ್ನ ಜೊತೆ ಕೆಲಸ ಮಾಡಿದವರ ಮಗಳು. ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ಹೊಸದಾಗಿ ಸೇರಿದ್ದಾಳೆ. "ಆಂಟಿ, ಕೆಲಸ ಹೇಗಿರುತ್ತೆ, ಏನಾದ್ರೂ ಹೇಳಿಕೊಡಿ" ಎಂದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎಷ್ಟೋ ಸಲ ಅಂಗೈಯಿಂದ ಕಣ್ಣುಜ್ಜಿಕೊಂಡಳು. ನಾನು ಕಡತ, ಕಾನೂನು, ಸಾಹೇಬರ ಸಿಟ್ಟು ಎಲ್ಲವನ್ನೂ ಬದಿಗಿಟ್ಟು, "ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತಾ?" ಎಂದು ಕೇಳಿದೆ. ಅವಳು ಲೋಟ ಕೆಳಗಿಟ್ಟು, "ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

ಗೊತ್ತಾಗದೆ ಏನು. ಆ ಮರಳಿನಲ್ಲೇ ನನ್ನ ಅರ್ಧ ಸರ್ವೀಸು ಮುಗಿಯಿತು. ಅವಳಿಗೆ ಅವತ್ತು ಬಾಯಲ್ಲಿ ಹೇಳಿದ್ದನ್ನು, ಹೇಳದೆ ಉಳಿಸಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಎಷ್ಟು ಸಂಬಳ ಏರಿತು ಎಂಬುದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಅದನ್ನು ಬಿಡುತ್ತೇನೆ.

ನಾನು ಹೊಳೆನರಸೀಪುರದವಳು. ನಮ್ಮ ತಂದೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ಮದುವೆಗೆ ಮುಂಚೆ ಒಂದು ವಿದ್ಯೆ ಕೈಯಲ್ಲಿರಲಿ ಎಂದು ನನ್ನನ್ನು ಪೇಟೆಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಅಲ್ಲಿ ಹೇಳಿಕೊಡುತ್ತಿದ್ದ ಮೇಷ್ಟ್ರು ನಮ್ಮ ಕೈ ಮೇಲೆ ಟವೆಲ್ ಹೊದಿಸುತ್ತಿದ್ದರು. ಕೀಲಿಗಳನ್ನು ನೋಡಬಾರದು, ಹಾಳೆಯನ್ನೂ ನೋಡಬಾರದು, ಕಣ್ಣು ಎದುರಿಗಿದ್ದ ಬರಹದ ಮೇಲಿರಬೇಕು. ಬೆರಳಿಗೆ ಬಂದದ್ದು ಕಣ್ಣಿಗೆ ಬೇಡ ಎನ್ನುವುದು ಅವರ ಪಾಠ. ಆ ಪಾಠ ತೊಂಬತ್ತರ ದಶಕದುದ್ದಕ್ಕೂ ನನ್ನನ್ನು ಕಾಪಾಡಿತು.

ಮೊದಲ ಪೋಸ್ಟಿಂಗ್ ಅರಕಲಗೂಡು. ಅಲ್ಲಿನ ಟೈಪ್‌ರೈಟರ್ ನನಗಿಂತ ವಯಸ್ಸಾದದ್ದು, 'ಳ' ಒತ್ತಿದರೆ ಅಂಟಿಕೊಳ್ಳುತ್ತಿತ್ತು. ಕೋರ್ಟಿನ ಬೆರಳಚ್ಚು ಎಂದರೆ ಏನು ಎಂಬುದನ್ನು ಹೊಸಬರಿಗಾಗಿ ಹೇಳಿಬಿಡುತ್ತೇನೆ. ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳುತ್ತಾನೆ. ಸಾಹೇಬರು, ಅಂದರೆ ನ್ಯಾಯಾಧೀಶರು, ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಾರೆ. ನಾವು ಅದನ್ನು ಬಡಿಯುತ್ತಾ ಹೋಗುತ್ತೇವೆ. ಎದುರು ಪಕ್ಷದ ವಕೀಲರು ಪಾಟೀ ಸವಾಲಿನಲ್ಲಿ ಹತ್ತು ಆರೋಪ ಹಾಕುತ್ತಾರೆ, ಸಾಕ್ಷಿ ಅಲ್ಲ ಅಲ್ಲ ಎನ್ನುತ್ತಾನೆ. ಆಗ ಪ್ರತಿ ವಾಕ್ಯದ ಕೊನೆಗೂ "ಎಂದರೆ ಸರಿಯಲ್ಲ" ಎಂದು ಹಾಕಬೇಕು. "ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ಸಾಕ್ಷಿ ಒಪ್ಪಿಕೊಂಡರೆ ಮಾತ್ರ "ಎಂದರೆ ಸರಿ."

ಸೇರಿದ ಹೊಸದರಲ್ಲಿ ಒಂದು ಜಮೀನಿನ ಬದುವಿನ ಜಗಳದಲ್ಲಿ ನಾನು "ಯಲ್ಲ"ವನ್ನು ನುಂಗಿಬಿಟ್ಟೆ. "ಬದುವನ್ನು ನಾನೇ ಒತ್ತಿದ್ದೇನೆ ಎಂದರೆ ಸರಿ" ಎಂದಾಯಿತು. ಓದಿ ಹೇಳುವಾಗ ಆ ರೈತ ಕಟಕಟೆಯಲ್ಲೇ ಕೂಗಿಕೊಂಡ. "ಅಯ್ಯೋ ನಾನೆಲ್ಲಂದೆ ಸಾ ಅಂಗೆ! ಈಯಮ್ಮ ನನ್ ಒಲ ತೆಗುದು ಅವನ್ಗೆ ಕೊಟ್ಬುಟ್ರಲ್ಲ!" ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ತಿದ್ದಿ ರುಜು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಮ್ಮದು ಬರೀ ಬೆರಳಿನ ಕೆಲಸವಾದರೂ ನಾವು ಯಾರ ಕಡೆಯವರೂ ಅಲ್ಲ ಎಂಬ ನಂಬಿಕೆ ಮೇಲೆ ಅದು ನಿಂತಿದೆ. ಆ ನಂಬಿಕೆ ಹೋದರೆ ಓಪನ್ ಕೋರ್ಟಿನಲ್ಲಿ ನಮಗೆ ಕುರ್ಚಿ ಇಲ್ಲ.

ಟೈಪ್‌ರೈಟರ್ ಕಾಲದಲ್ಲಿ ಬೆನ್ನು ನೋಯುತ್ತಿತ್ತು, ಬೆರಳ ತುದಿ ಒರಟಾಗಿತ್ತು, ಕಾರ್ಬನ್ ಮಸಿ ಸೀರೆಗೆ ಹತ್ತುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಆಗಲಿಲ್ಲ. ಅದು ಏಕೆ ಎಂದು ಆಗ ಯೋಚಿಸಿರಲಿಲ್ಲ. ಸಾಲು ಮುಗಿಯುವಾಗ ಟಿಣ್ ಎನ್ನುತ್ತಿತ್ತು, ಕೈ ಎತ್ತಿ ಕ್ಯಾರೇಜ್ ತಳ್ಳುತ್ತಿದ್ದೆವು, ತಲೆ ಎತ್ತಿ ಕಿಟಕಿಯಾಚೆ ಹುಣಸೆಮರ ನೋಡುತ್ತಿದ್ದೆವು. ಹಾಳೆ ತುಂಬಿದರೆ ಬಿಚ್ಚಿ, ಕಾರ್ಬನ್ ಜೋಡಿಸಿ, ಮತ್ತೆ ಸಿಕ್ಕಿಸುತ್ತಿದ್ದೆವು. ಆ ಸಣ್ಣ ಸಣ್ಣ ತಡೆಗಳಲ್ಲೇ ಕಣ್ಣಿಗೆ ಬೇಕಾದ ವಿಶ್ರಾಂತಿ ಇತ್ತು.

ಎರಡು ಸಾವಿರದ ಆಚೆಗೆ ನಾನು ಹಾಸನದಲ್ಲಿ ಮನೆ ಮಾಡಿಕೊಂಡು ಚನ್ನರಾಯಪಟ್ಟಣಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಕಂಪ್ಯೂಟರ್ ಬಂತು. ಅಟೆಂಡರ್ ನಂಜಪ್ಪ ಡಬ್ಬದ ಮುಂದೆ ಕಾಯಿ ಒಡೆದು, ಗಾಜಿನ ಪರದೆಗೆ ನಡುಮಧ್ಯೆ ಕುಂಕುಮ ಇಟ್ಟ. ಅದನ್ನು ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದಷ್ಟು ದಿನ ನಾವು ಬಡಿದ ಅಕ್ಷರಗಳು ಕುಂಕುಮದ ಸುತ್ತಲೇ ಓಡಾಡಿದವು.

ಕಂಪ್ಯೂಟರ್ ಜೊತೆಗೆ ಬಂದ ಕನ್ನಡ ಅಕ್ಷರಗಳು ಬಲು ಹಟಮಾರಿ. ಒತ್ತಕ್ಷರ ಒಂದು ಕಡೆ ಒತ್ತಿದರೆ ಇನ್ನೊಂದು ಅಕ್ಷರಕ್ಕೆ ಜೋತುಬೀಳುತ್ತಿತ್ತು. ದೀರ್ಘ ತಾನಾಗಿಯೇ ಮಾಯವಾಗುತ್ತಿತ್ತು. ಮೇಷ್ಟ್ರ ಟವೆಲ್ ಪಾಠ ಅವತ್ತಿಗೆ ಮುಗಿಯಿತು. ಕಣ್ಣನ್ನು ಪರದೆಯಿಂದ ತೆಗೆದರೆ ತಪ್ಪು. ಟಿಣ್ ಎನ್ನುವ ಗಂಟೆ ಇಲ್ಲ, ತಳ್ಳುವ ಕ್ಯಾರೇಜ್ ಇಲ್ಲ, ಬಿಚ್ಚುವ ಹಾಳೆ ಇಲ್ಲ. ಸಾಲು ತಾನೇ ಮುಂದಕ್ಕೆ ಹೋಗುತ್ತದೆ, ಬೆಳಗಿನಿಂದ ಸಂಜೆತನಕ ಹೋಗುತ್ತಲೇ ಇರುತ್ತದೆ. ಮಾನಿಟರ್ ಅನ್ನು ಅಡ್ಡ ಮಲಗಿಸಿದ ಸಿಪಿಯು ಮೇಲೆ ಕೂರಿಸಿದ್ದರಿಂದ ಕಣ್ಣರಳಿಸಿ ಮೇಲಕ್ಕೆ ನೋಡಬೇಕಿತ್ತು. ಸಾಲದ್ದಕ್ಕೆ, ಯಂತ್ರ ಬಿಸಿಯಾಗಬಾರದು ಎಂದು ಮೇಲಿನಿಂದ ಅಪ್ಪಣೆಯಾಗಿ ಒಂದು ಟೇಬಲ್ ಫ್ಯಾನ್ ಕೊಟ್ಟಿದ್ದರು. ಅದು ಮಾನಿಟರಿನ ಬೆನ್ನಿಗೆ ಬೀಸುತ್ತಿತ್ತು, ಮಿಕ್ಕ ಗಾಳಿಯೆಲ್ಲ ನನ್ನ ಮುಖಕ್ಕೆ. ಯಂತ್ರದ ಆರೋಗ್ಯ ಚೆನ್ನಾಗಿತ್ತು.

ಮೊದಲು ಉರಿ ಶುರುವಾಯಿತು. ಆಮೇಲೆ ಮರಳು. ಸಂಜೆ ಬಸ್ಸಿನಲ್ಲಿ ಕಿಟಕಿಯ ಗಾಳಿ ಬಡಿದರೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ ರೆಪ್ಪೆ ಕಣ್ಣಿಗೆ ಅಂಟಿಕೊಂಡಿರುತ್ತಿತ್ತು, ಮೆಲ್ಲಗೆ ಬಿಡಿಸಬೇಕಿತ್ತು. ಅಂಗಡಿಯಲ್ಲೇ ಕನ್ನಡಕ ಬದಲಾಯಿಸಿಕೊಂಡೆ, ಪ್ರಯೋಜನವಾಗಲಿಲ್ಲ. ನಮ್ಮ ಅತ್ತೆ ನೆತ್ತಿಗೆ ಹರಳೆಣ್ಣೆ ತಟ್ಟಿದರು. ಪಕ್ಕದ ಮನೆಯವರು ನಂದಿಬಟ್ಟಲ ಹೂವಿನ ರಸ ಹಿಂಡಿ ಎಂದರು, ಹಿಂಡಿದೆ, ರಾತ್ರಿಯೆಲ್ಲ ಒದ್ದಾಡಿದೆ. ಮೆಡಿಕಲ್ ಸ್ಟೋರಿನವನು ಕೆಂಪು ಕಣ್ಣು ಬೆಳ್ಳಗೆ ಮಾಡುವ ಹನಿ ಕೊಟ್ಟ. ಎರಡು ಗಂಟೆ ಬೆಳ್ಳಗಿದ್ದು ಮತ್ತೆ ದುಪ್ಪಟ್ಟು ಕೆಂಪಾಯಿತು. ಮಕ್ಕಳೇ, ಇವು ಯಾವುದನ್ನೂ ಮಾಡಬೇಡಿ.

ಒಂದು ದಿನ ನಂಜಪ್ಪ ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. "ಮೇಡಂ, ಮದ್ರಾಸ್ ಐ ಬಂದದೆ ನಿಮ್ಗೆ! ನನ್ನ ನೋಡ್ಬ್ಯಾಡಿ ಕಣ್ರವ್ವ, ಮನೇಲಿ ಮಕ್ಕಳವೆ." ಅವತ್ತಿನಿಂದ ಕಡತಗಳನ್ನು ದೂರದಿಂದ ನನ್ನ ಮೇಜಿಗೆ ತಳ್ಳತೊಡಗಿದ. ನನ್ನ ಲೋಟ ಬೇರೆಯಾಯಿತು. ಮದ್ರಾಸ್ ಐ ಆದರೆ ವಾರದಲ್ಲಿ ಹೋಗಬೇಕು, ನನ್ನದು ತಿಂಗಳಾದರೂ ಹೋಗಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆಮೇಲಾಮೇಲೆ ಉರಿ ಜೋರಾದಾಗೆಲ್ಲ ಕಣ್ಣಿಂದ ನೀರು ಸುರಿಯತೊಡಗಿತು. ನೀರು ಬಂದ ಮೇಲೆ ಕೊಳೆ ಹೋಗುತ್ತದೆ, ಇನ್ನು ವಾಸಿಯಾಗುತ್ತದೆ ಎಂದು ಸಮಾಧಾನ ಪಟ್ಟುಕೊಂಡೆ.

ಅಷ್ಟರಲ್ಲಿ ವರ್ಗವಾಯಿತು. ಮುಂದೆ ಹೇಳುವ ಪ್ರಕರಣ ಯಾವ ಊರಿನ ಕೋರ್ಟಿನದು ಎಂದು ಬರೆಯುವುದಿಲ್ಲ. ಅದರಲ್ಲಿದ್ದವರು ಕೆಲವರು ಇನ್ನೂ ಇದ್ದಾರೆ. ಹೆಸರುಗಳನ್ನೂ ಬದಲಾಯಿಸಿದ್ದೇನೆ.

ಪುಟ್ಟಗೌರಮ್ಮ ಎಂಬ ಹೆಂಗಸಿನ ಮಗಳು ಗಂಡನ ಮನೆಯಲ್ಲಿ ಸತ್ತಿದ್ದಳು. ಬಾವಿಗೆ ಕಾಲು ಜಾರಿ ಬಿದ್ದಳು ಎಂದು ಅವರು, ತಳ್ಳಿದರು ಎಂದು ಇವರು. ತಾಯಿಯ ಸಾಕ್ಷಿಯ ದಿನ ಕೋರ್ಟ್ ಹಾಲ್ ತುಂಬಿತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಬೆಳಿಗ್ಗೆಯಿಂದ ಬೇರೆ ಸಾಕ್ಷಿಗಳನ್ನು ಬಡಿದೂ ಬಡಿದೂ ನನ್ನ ಕಣ್ಣು ಕೆಂಡವಾಗಿತ್ತು. ಪುಟ್ಟಗೌರಮ್ಮ ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಹೊದ್ದು, ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಅವತ್ತು ಏನು ನೋಡಿದ್ರಿ, ಹೇಳಮ್ಮ" ಎಂದರು ಸರ್ಕಾರದ ವಕೀಲರು.

"ಓಗಿ ನೋಡಿದ್ರೆ ಜಗಲಿ ಮ್ಯಾಲೆ ಮನಗ್ಸಿದ್ರು ಸಾ. ಒಸಾ ಸೀರೆ ಒದ್ಸಿದ್ರು. ನಾನು ಕೊಡ್ಸಿದ್ದಲ್ಲ ಅದು. ಅವ್ಳು ಬದುಕಿದ್ದಾಗ ಅವ್ರು ಒಂದಿನಾನಾರ ಕೊಡ್ಸಿದ್ದೂ ಅಲ್ಲ. ಸತ್ತ ಮ್ಯಾಲೆ ಪ್ಯಾಟೆಗೋಗಿ ತಂದವ್ರೆ."

ಸಾಹೇಬರು ಹೇಳಿದರು: "ನಾನು ಹೋಗಿ ನೋಡಿದಾಗ ಮೃತಳ ದೇಹವನ್ನು ಜಗಲಿಯ ಮೇಲೆ ಮಲಗಿಸಿದ್ದು, ಹೊಸ ಸೀರೆಯನ್ನು ಹೊದಿಸಲಾಗಿತ್ತು." ನಾನು ಬಡಿದೆ. 'ಮೃ' ಸರಿಯಾಗಿ ಬಂತೇ ಎಂದು ನೋಡಿದೆ. ಬಂದಿತ್ತು. ಆಗಲೇ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೆನ್ನೆ ಮೇಲೆ ಹರಿದು ಗದ್ದಕ್ಕೆ ಬಂತು.

ಪಾಟೀ ಸವಾಲು ಶುರುವಾಯಿತು. ಗಂಡನ ಕಡೆ ವಕೀಲರು ದೊಡ್ಡ ಹೆಸರಿನವರು. ಬಾವಿಯ ಆಳ, ಪಾವಟಿಗೆ, ಪಾಚಿ ಎಲ್ಲ ಕೇಳಿ ಕೊನೆಗೆ, "ಏನಮ್ಮ, ಮಗಳ ಸಾವಿನ ದುಃಖ ನಿಮಗಿಲ್ಲ. ಅಳಿಯನ ಮೇಲಿನ ದ್ವೇಷಕ್ಕೆ ಸುಳ್ಳು ಹೇಳ್ತಾ ಇದ್ದೀರಿ" ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿದರು. "ಸ್ವಾಮಿ, ತಾವೇ ನೋಡಬೇಕು. ಹೆತ್ತ ತಾಯಿ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬೆರಳಚ್ಚಿನವರು ಗಳಗಳ ಅಳ್ತಾ ಇದ್ದಾರೆ. ಇವರು ಯಾರ ಕಡೆಯವರು, ಏನು ಬರ್ಕೋತಿದ್ದಾರೆ ಅಂತ ನನಗೆ ಅನುಮಾನ."

ಹಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಪುಟ್ಟಗೌರಮ್ಮನೂ ತಿರುಗಿದರು. ಅದುವರೆಗೆ ನೆಲ ನೋಡುತ್ತಿದ್ದ ಆ ಮುಖ ನನ್ನನ್ನೇ ನೋಡಿತು. ಆಮೇಲೆ ಅವರು ವಕೀಲರಿಗೆ ನಿಧಾನವಾಗಿ ಉತ್ತರ ಕೊಟ್ಟರು. "ಅತ್ತೂ ಅತ್ತೂ ಬತ್ತೋಗದೆ ಸಾ. ಇನ್ನೆಲ್ಲಿಂದ ತರ್ಲಿ?"

"ನನಗೆ ದುಃಖವಿಲ್ಲ ಎಂದರೆ ಸರಿಯಲ್ಲ" ಎಂದರು ಸಾಹೇಬರು. ನಾನು ಬಡಿದೆ.

ಇಲ್ಲಿ ಒಂದು ಮಾತು ಇದ್ದದ್ದು ಇದ್ದ ಹಾಗೆ ಹೇಳಬೇಕು. ನಾನು ಆಕೆಯ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ. ಬೆರಳಚ್ಚಿನವರು ಮಾತು ಕೇಳಿಸಿಕೊಳ್ಳುವುದಿಲ್ಲ, ಅಕ್ಷರ ಕೇಳಿಸಿಕೊಳ್ಳುತ್ತಾರೆ. ಅರ್ಥ ಒಳಗೆ ಇಳಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಸಾಹೇಬರು ಕಾಯಬೇಕು. ಕೊಲೆ, ಅತ್ಯಾಚಾರ, ಮಗುವಿನ ಸಾವು, ಎಲ್ಲವೂ ನನ್ನ ಬೆರಳಿನಿಂದ ಹಾದು ಹೋಗಿವೆ, ನಾನು ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದ್ದೇನೆ. ಅವತ್ತು ಆ ಹಾಲಿನಲ್ಲಿ ಅಳುತ್ತಿರುವಂತೆ ಕಂಡವಳು ನಾನೊಬ್ಬಳೇ. ಏನೂ ಅನ್ನಿಸದೆ ಕೂತಿದ್ದವಳೂ ಬಹುಶಃ ನಾನೊಬ್ಬಳೇ.

ವಕೀಲರು ಅಷ್ಟಕ್ಕೆ ಬಿಡಲಿಲ್ಲ, ಬೆರಳಚ್ಚುಗಾರರನ್ನು ಬದಲಾಯಿಸಬೇಕೆಂದು ಅರ್ಜಿ ಹಾಕಿದರು. ನನಗೆ ಸಮಜಾಯಿಷಿ ಕೇಳಿ ಮೆಮೊ ಬಂತು. ನಮ್ಮ ಶಿರಸ್ತೇದಾರ್ ರಂಗಸ್ವಾಮಿಯವರು, ಅಂದರೆ ಕಚೇರಿಯ ನಮ್ಮ ಮೇಲಿನವರು, ಒಳ್ಳೆಯ ಮನುಷ್ಯ. ಆದರೆ ಒಳ್ಳೆಯತನವನ್ನು ನಿಯಮದೊಳಗೇ ಮಾಡುವವರು. "ಮೇಡಂ, ಇದು ಚಿಕ್ಕದಲ್ಲ. ಪಕ್ಷಪಾತ ಅಂತ ಸರ್ವೀಸ್ ರಿಜಿಸ್ಟರಿಗೆ ಹತ್ತಿದ್ರೆ ರಿಟೈರ್ ಆಗೋತನಕ ಅಳಿಸಕ್ಕಾಗಲ್ಲ. ಅತ್ತಿದ್ರೆ ಅತ್ತೆ ಅನ್ನಿ, ಇಲ್ಲದಿದ್ರೆ ಡಾಕ್ಟರ ಕೈಲಿ ಬರೆಸ್ಕೊಂಡು ಬನ್ನಿ" ಎಂದರು.

ಮೆಮೊ ಬರದಿದ್ದರೆ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಲೇ ಇರಲಿಲ್ಲವೇನೋ. ಹಾಸನದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಕಣ್ಣಿಗೆ ಹಳದಿ ಬಣ್ಣ ಸೋಕಿಸಿ, ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. "ನೀರು ಸುರಿಯುತ್ತೆ ಅಂತ ಬಂದಿದ್ದೀರಿ. ನಿಮ್ಮ ಕಣ್ಣು ಒಣಗಿ ಹೋಗಿದೆ" ಎಂದರು.

ನನಗೆ ಸಿಟ್ಟು ಬಂತು. "ಕೆರೆ ಕೋಡಿ ಬಿದ್ದ ಹಾಗೆ ಹರೀತಿದೆ, ಒಣಗಿದೆ ಅಂತೀರಲ್ಲ ಡಾಕ್ಟ್ರೇ?"

"ಒಣಗಿರೋದ್ರಿಂದಲೇ ಹರಿಯೋದು. ಕಣ್ಣನ್ನ ಸದಾ ತೇವವಾಗಿಡೋ ನೀರು ಬೇರೆ, ಉರಿ ಆದಾಗ ನುಗ್ಗೋ ನೀರು ಬೇರೆ. ಇದು ನಿಲ್ಲಲ್ಲ, ಹರಿದು ಹೋಗುತ್ತೆ, ಕಣ್ಣು ಮತ್ತೆ ಒಣಗುತ್ತೆ. ಕಂಪ್ಯೂಟರ್ ಮುಂದೆ ನೀವು ಕಣ್ಣು ಮಿಟುಕಿಸ್ತೀರಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಮಾರನೆಯ ದಿನ ಪಕ್ಕದ ಮೇಜಿನವಳಿಗೆ ನನ್ನ ಮುಖ ನೋಡುತ್ತಿರು ಎಂದು ಹೇಳಿ ಬೆರಳಚ್ಚು ಮಾಡಿದೆ. ಅರ್ಧ ಪುಟದ ಹೊತ್ತಿಗೆ ಅವಳು, "ಮೇಡಂ, ಭಯ ಆಗುತ್ತೆ, ಗೊಂಬೆ ಥರ ಕೂತಿದ್ದೀರಿ" ಎಂದಳು.

ಡಾಕ್ಟರ ಚೀಟಿ ಜೊತೆಗಿಟ್ಟು ಸಮಜಾಯಿಷಿ ಬರೆದೆ. ನಮಗೆ ಗೊತ್ತಿರುವ ಬರವಣಿಗೆ ಒಂದೇ ತಾನೆ. "ಸಾಕ್ಷಿಯ ಹೇಳಿಕೆಯನ್ನು ಕೇಳಿ ನಾನು ಅತ್ತಿದ್ದೇನೆ ಎಂದರೆ ಸರಿಯಲ್ಲ" ಎಂದೇ ಬರೆದಿದ್ದೆ. ಸಾಹೇಬರು ಓದಿ ಸ್ವಲ್ಪ ನಕ್ಕರಂತೆ. ಮೆಮೊ ಅಲ್ಲಿಗೆ ಮುಗಿಯಿತು. ಆದರೆ "ನಿಮ್ಮ ಒಳ್ಳೇದಕ್ಕೇ" ಎಂದು ನನ್ನನ್ನು ಓಪನ್ ಕೋರ್ಟಿನಿಂದ ತೆಗೆದು ನಕಲು ಶಾಖೆಗೆ ಹಾಕಿದರು. ತೀರ್ಪಿನ ನಕಲು ಕೇಳಿ ಬಂದವರಿಗೆ ಅದನ್ನು ಬೆರಳಚ್ಚು ಮಾಡಿ ಕೊಡುವ ಜಾಗ ಅದು. ಕೋರ್ಟ್ ಹಾಲಿನಲ್ಲಾದರೂ ಸಾಕ್ಷಿ ಬದಲಾಗುವಾಗ ತಲೆ ಎತ್ತಬಹುದಿತ್ತು. ಇಲ್ಲಿ ಗೋಡೆ, ಪರದೆ, ಮತ್ತೆ ಗೋಡೆ. ಕಣ್ಣಿನ ಕಾಯಿಲೆಯವಳನ್ನು ಹುಡುಕಿ ಹುಡುಕಿ ಕಣ್ಣಿನ ಕೆಲಸಕ್ಕೇ ಹಾಕಿದರಲ್ಲ ಎಂದು ಸಂಕಟವಾಯಿತು. ಹೇಳಿಕೊಳ್ಳುವುದು ಯಾರಿಗೆ?

ಅಲ್ಲಿ ಕಲಿತದ್ದನ್ನು ಹೊಸಬರು ಕೇಳಿಸಿಕೊಳ್ಳಿ. ಮಾನಿಟರನ್ನು ಸಿಪಿಯು ಮೇಲಿನಿಂದ ಇಳಿಸಿ ಮೇಜಿನ ಮೇಲಿಟ್ಟೆ. ನೋಟ ಕೆಳಗಾದರೆ ರೆಪ್ಪೆ ಅರ್ಧ ಇಳಿಯುತ್ತದೆ, ಕಣ್ಣು ಅಷ್ಟು ಕಡಿಮೆ ಒಣಗುತ್ತದೆ. ಫ್ಯಾನನ್ನು ಗೋಡೆಗೆ ತಿರುಗಿಸಿದೆ. ನಂಜಪ್ಪನಂಥವನೇ ಇನ್ನೊಬ್ಬ ಬಂದು ಮತ್ತೆ ಯಂತ್ರದ ಕಡೆ ತಿರುಗಿಸುತ್ತಿದ್ದ, ನಾನು ಮತ್ತೆ ಗೋಡೆಗೆ, ಹೀಗೆ ನಮ್ಮಿಬ್ಬರ ಯುದ್ಧ ವರ್ಷಗಟ್ಟಲೆ ನಡೆಯಿತು. ಡಾಕ್ಟರು ಬರೆದುಕೊಟ್ಟ ಹನಿಯನ್ನು ಬಿಡದೆ ಹಾಕಿಕೊಂಡೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಟ್ಟುಕೊಂಡೆ. ಪುಟಕ್ಕೊಮ್ಮೆ ಎದ್ದು ಬಾಗಿಲಿಗೆ ಹೋಗಿ ದೂರದ ಮರ ನೋಡಿದೆ. ಎಲ್ಲಕ್ಕಿಂತ ಕಷ್ಟವಾದದ್ದು ಕಣ್ಣು ಮಿಟುಕಿಸುವುದು. ಅದನ್ನು ಯಾರಾದರೂ ಕಲಿಯುತ್ತಾರೆಯೇ? ಪೂರ್ಣವಿರಾಮ ಬಂದಾಗೆಲ್ಲ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಬೇಕು ಎಂದು ನಿಯಮ ಮಾಡಿಕೊಂಡೆ. ತೀರ್ಪುಗಳ ವಾಕ್ಯಗಳೋ ಅರ್ಧ ಪುಟ ಉದ್ದ, ಪೂರ್ಣವಿರಾಮ ಬರುವಷ್ಟರಲ್ಲಿ ಪ್ರಾಣ ಹೋಗುತ್ತಿತ್ತು. ಆಮೇಲೆ ಅಲ್ಪವಿರಾಮಕ್ಕೂ ಮುಚ್ಚತೊಡಗಿದೆ. ತಪಾಸಣೆಗೆ ಬಂದ ಒಬ್ಬ ಅಧಿಕಾರಿ, "ಏನ್ರೀ, ಕೂತಲ್ಲೇ ತೂಕಡಿಸ್ತೀರಾ?" ಎಂದು ಕೇಳಿ ಹೋದರು.

ಇಷ್ಟೆಲ್ಲ ಮಾಡಿ ವಾಸಿಯಾಯಿತೇ ಎಂದರೆ, ಇಲ್ಲ. ತಡವಾಗಿತ್ತು. ಕಡಿಮೆಯಾಯಿತು ಅಷ್ಟೆ. ಈಗಲೂ ಸಂಜೆಯ ಮೇಲೆ ನಾನು ಪುಸ್ತಕ ಹಿಡಿಯುವುದಿಲ್ಲ, ಇದನ್ನೂ ಬೆಳಿಗ್ಗೆ ಬೆಳಿಗ್ಗೆ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ. ಆದ್ದರಿಂದಲೇ ಆ ಹುಡುಗಿಗೆ, ಇವತ್ತೇ ಡಾಕ್ಟರ ಹತ್ತಿರ ಹೋಗು, ಮೆಮೊ ಬರಲಿ ಎಂದು ಕಾಯಬೇಡ ಎಂದೆ.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು. ಪುಟ್ಟಗೌರಮ್ಮನ ಕೇಸಿನ ತೀರ್ಪು ಬಂತು. ಸಂಶಯದ ಲಾಭ ಕೊಟ್ಟು ಎಲ್ಲರನ್ನೂ ಬಿಡುಗಡೆ ಮಾಡಿದ್ದರು. ಕೆಲವು ದಿನ ಕಳೆದು ಪುಟ್ಟಗೌರಮ್ಮ ತೀರ್ಪಿನ ನಕಲು ಕೇಳಿಕೊಂಡು ನಮ್ಮ ಶಾಖೆಗೆ ಬಂದರು. ನಾನು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಾ ನಿಂತರು.

"ನೀವೇ ಅಲ್ವೇನವ್ವ, ಅವತ್ತು ಅತ್ತೋರು?"

ನಾನು ಅವರ ಕೈಯಿಂದ ನಕಲಿನ ಅರ್ಜಿ ತೆಗೆದುಕೊಂಡೆ.

"ನನ್ ಮಗೀಗೆ ಅಂತ ಆ ಕೋಲ್ಟ್‌ನಾಗೆ ಅತ್ತೋರು ನೀವೊಬ್ರೇ ಕಣವ್ವ. ನಮ್ಮೂರೋರು ಎಲ್ಲಾ ಬಂದಿದ್ರು, ಒಬ್ರೂ ಅಳ್ನಿಲ್ಲ. ಅವ್ರ ಕಡೆ ಎದ್ರಿಕೆ. ನಿಮ್ಮನ್ನ ನೋಡಿ, ಓಗ್ಲಿ, ಒಬ್ರಾದ್ರೂ ನನ್ ಮಾತು ನಂಬಿದ್ರಲ್ಲ ಅಂದ್ಕಂಡೆ. ಕೇಸು ಓಯ್ತು, ಓಗ್ಲಿ. ನಿಮ್ಮನ್ನೊಂದಪ ನೋಡನ ಅಂತ್ಲೇ ಬಂದೆ."

ರಂಗಸ್ವಾಮಿಯವರು ಎರಡು ಮೇಜಿನಾಚೆ ಕೂತಿದ್ದರು. ಅರ್ಜಿ ಹಾಕಿದ್ದ ವಕೀಲರ ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. ಸಮಜಾಯಿಷಿಯಲ್ಲಿ ನಾನು ಆಗಲೇ ರುಜು ಹಾಕಿ ಕೊಟ್ಟಿದ್ದ ಮಾತೂ ಒಂದಿತ್ತು. "ಇಲ್ಲಮ್ಮ, ನಾನು ಅಳ್ತಿರಲಿಲ್ಲ. ಅದು ಕಣ್ಣಿನ ಕಾಯಿಲೆ. ಕಂಪ್ಯೂಟರ್ ನೋಡಿ ನೋಡಿ ಬರುತ್ತೆ" ಎಂದೆ.

ಪುಟ್ಟಗೌರಮ್ಮ ನನ್ನ ಕಣ್ಣನ್ನು ನೋಡಿದರು, ಎದುರಿಗಿದ್ದ ಪರದೆಯನ್ನು ನೋಡಿದರು. ಸೆರಗಿನ ತುದಿಯಲ್ಲಿ ಬಾಯಿ ಒರೆಸಿಕೊಂಡರು.

"ಕಾಯ್ಲೇನಾ" ಎಂದರು. "ಓಗ್ಲಿ ಬುಡಿ. ಕಾಯ್ಲೇಗಾದ್ರೂ ಒಬ್ರು ಅತ್ರಲ್ಲ" ಎಂದು ಹೇಳಿ, ನಕಲಿಗೂ ಕಾಯದೆ ಹೊರಟುಹೋದರು.

ಅವರು ಹೋದ ಮೇಲೆ ಆ ತೀರ್ಪಿನ ಕಡತ ಬಿಚ್ಚಿದೆ. ಬೆರಳಚ್ಚು ಮಾಡುತ್ತಲೇ, ಈ ಸಲ ಅರ್ಥ ಹಿಡಿದು ಓದಿದೆ. ಹೊಸ ಸೀರೆಯ ಮಾತಿತ್ತು. ನನ್ನ ಸರ್ವೀಸಿನಲ್ಲಿ ಮೊದಲ ಸಲ ಕೈ ನಿಂತಿತು. ಮೇಜಿನ ಮೇಲೆ ತಲೆ ಇಟ್ಟು ಅತ್ತೆ.

ರಂಗಸ್ವಾಮಿಯವರು ಎದ್ದು ಬಂದು ಪಕ್ಕದಲ್ಲಿ ನಿಂತರು. ಪಾಪ, ಅವರಿಗೆ ನನ್ನ ಮೇಲೆ ನಿಜವಾದ ಮರುಕವಿತ್ತು. "ಇವತ್ತು ಜಾಸ್ತಿ ಆಗಿದೆ ಅಂತ ಕಾಣುತ್ತೆ ಮೇಡಂ. ಹನಿ ಹಾಕ್ಕೊಳ್ಳಿ" ಎಂದರು.

ನಾನು ಚೀಲದಿಂದ ಸೀಸೆ ತೆಗೆದು ಹಾಕಿಕೊಂಡೆ.